ಲಿವರ್ ಕಸಿಯಾದ ಮಗುವಿಗೆ ಪಿತ್ತದ ಟ್ಯೂಬ್: ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ?

ಮಕ್ಕಳಲ್ಲಿ ಲಿವರ್ ಕಸಿ ಜಾಸ್ತಿ ನಡೆಯುವುದು ಹುಟ್ಟಿದ ಹೊಸದರಲ್ಲೇ ಪಿತ್ತನಾಳ ಮುಚ್ಚಿಹೋದವರಿಗೆ. ಬಿಳಿಚಿದ ಮಲ, ಹಳದಿ ಕಣ್ಣು ಎಂದರೇನು ಅಂತ ಆ ಅಪ್ಪ ಅಮ್ಮನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಸಿಯಾಗಿ ತಿಂಗಳುಗಳ ಮೇಲೆ ಅದೇ ಬಣ್ಣ ಮತ್ತೆ ಕಂಡರೆ, ಜತೆಗೆ ಮೈತುರಿಕೆ ಇದ್ದರೆ, ಪಿತ್ತನಾಳವನ್ನು ಕರುಳಿಗೆ ಹೊಲಿದ ಜಾಗ ಕಿರಿದಾಗಿರಬಹುದು.

ಹಾಗಂತ ಮತ್ತೆ ಹೊಟ್ಟೆ ಕೊಯ್ಯಲೇಬೇಕೆಂದಿಲ್ಲ. ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಆ ಜೋಡಣೆಯನ್ನು ಮುಟ್ಟುವುದು ಕಷ್ಟ. ಆದ್ದರಿಂದ ರೇಡಿಯಾಲಜಿ ವೈದ್ಯರು ಮಗುವಿಗೆ ಅರಿವಳಿಕೆ ಕೊಡಿಸಿ, ಸ್ಕ್ಯಾನ್ ನೋಡುತ್ತಾ ಚರ್ಮದ ಮೂಲಕ ಲಿವರಿನೊಳಗಿನ ನಾಳಕ್ಕೆ ಸೂಜಿ ಹಾಕುತ್ತಾರೆ. ಇಕ್ಕಟ್ಟಿನಲ್ಲಿ ತಂತಿ ದಾಟಿಸಿ, ಬಲೂನು ಉಬ್ಬಿಸಿ ಹಿಗ್ಗಿಸುತ್ತಾರೆ. ಮತ್ತೆ ಮುಚ್ಚಿಕೊಳ್ಳದಂತೆ ಟ್ಯೂಬ್ ಬಿಡುತ್ತಾರೆ. ಅದು ಕೆಲವು ತಿಂಗಳು ಇರಬಹುದು, ನಡುನಡುವೆ ಬದಲಾಗಬಹುದು. ಆ ತಿಂಗಳುಗಳ ಕೆಲಸ ನಿಮ್ಮದು.

ಆಸ್ಪತ್ರೆಯಿಂದ ಹೊರಡುವ ಮೊದಲೇ ಚರ್ಮದಿಂದಾಚೆ ಟ್ಯೂಬ್ ಎಷ್ಟುದ್ದ ಇದೆ ಎಂದು ಅಳೆದು ಬರೆದುಕೊಳ್ಳಿ. ದಿನಾ ಬೆಳಿಗ್ಗೆ ಅಳೆದು ನೋಡಿ. ಉದ್ದ ಹೆಚ್ಚಿದ್ದರೆ ಜಾರಿದೆ ಎಂದರ್ಥ.

ಟ್ಯೂಬಿನ ಹೊರತುದಿಗೆ ಸೇರಿಸಿದ, ಪಿತ್ತ ತುಂಬುವ ಬ್ಯಾಗ್ ಯಾವಾಗಲೂ ಹೊಟ್ಟೆಗಿಂತ ಕೆಳಗಿರಲಿ. ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಚೆಕಪ್‌ಗೆ ಹೋಗುವಾಗ ಬಸ್ಸಿನ ಕೊಕ್ಕೆಗೆ ನೇತುಹಾಕಬೇಡಿ, ಪಿತ್ತ ವಾಪಸ್ ಹರಿಯುತ್ತದೆ. ಹಳೇ ಪಂಚೆಯಲ್ಲಿ ಪುಟ್ಟ ಚೀಲ ಹೊಲಿದು ಸೊಂಟದ ಕೆಳಗೆ ಬರುವಂತೆ ಕಟ್ಟಿದರೆ ಮಗು ಅಂಗಳದಲ್ಲಿ ಆರಾಮಾಗಿ ಓಡಾಡುತ್ತದೆ. ಎಷ್ಟು ಎಂ.ಎಲ್. ಬಂತು, ಯಾವ ಬಣ್ಣ, ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಸಿರಿಂಜಿನಿಂದ ಟ್ಯೂಬಿನೊಳಗೆ ಸಲೈನ್ ಹಾಕಲು ವೈದ್ಯರು ಹೇಳಿದ್ದರೆ, ಕೈ ತೊಳೆದು, ಅವರು ಹೇಳಿದಷ್ಟನ್ನೇ ನಿಧಾನ ತಳ್ಳಿ. ಹೋಗದಿದ್ದರೆ ಬಲ ಹಾಕಬೇಡಿ. ಸಿರಿಂಜನ್ನು ಹಿಂದಕ್ಕೆ ಎಳೆಯಲೇಬೇಡಿ, ಕರುಳಿನ ಕೊಳೆ ನಾಳಕ್ಕೆ ಬರುತ್ತದೆ.

ನಮ್ಮ ಕರಾವಳಿಯ ಬೆವರಿಗೆ ಪ್ಲಾಸ್ಟರ್ ಬೇಗ ಬಿಡುತ್ತದೆ. ಒದ್ದೆಯಾದರೆ ಕಾಯದೆ ಡ್ರೆಸಿಂಗ್ ಬದಲಿಸಿ. ಮಲ್ಪೆಯ ನೀರಾಟ, ಕೆರೆ ಸ್ನಾನ ಸದ್ಯಕ್ಕೆ ಬೇಡ. ಹಿತ್ತಲಿನ ಚಕ್ಕೋತವೂ ಬೇಡ, ಹೊಸ ಲಿವರನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್ ಮಾತ್ರೆಯ ಮಟ್ಟವನ್ನು ಅದು ರಕ್ತದಲ್ಲಿ ಏರಿಸಬಲ್ಲದು.

ಟ್ಯೂಬ್ ಪೂರ್ತಿ ಹೊರಬಂದರೆ ಒಳಗೆ ತಳ್ಳಬೇಡಿ. ಶುದ್ಧ ಗಾಜ್ ಒತ್ತಿ, ಟ್ಯೂಬನ್ನೂ ಹಿಡಿದುಕೊಂಡು ಹೊರಡಿ. ರಕ್ತ ಬಂದರೆ, ಬ್ಯಾಗಿಗೆ ಪಿತ್ತ ಬರುವುದು ದಿಢೀರ್ ನಿಂತರೆ, 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ, ನಡುಕ ಬಂದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲೆಂದು ಕೂರಬೇಡಿ. ಕಸಿ ಮಾಡಿದ ವೈದ್ಯರಿಗೆ ಫೋನ್ ಮಾಡುತ್ತಲೇ ಮಂಗಳೂರೋ ಮಣಿಪಾಲವೋ, ಹತ್ತಿರದ ದೊಡ್ಡ ಆಸ್ಪತ್ರೆಗೆ ನಡೆಯಿರಿ. ನೋಟ್‌ಬುಕ್ ಮರೆಯಬೇಡಿ.