ಬೋಧಕನನ್ನು ಪರೀಕ್ಷಿಸಿ ನೋಡುವ ಕ್ರಮ

ಪ್ರಸಂಗಿಯ ಮಾತನ್ನು ಪರೀಕ್ಷಿಸುವುದು ಅವಿಶ್ವಾಸದ ಲಕ್ಷಣವೆಂಬ ಭಯ ಅನೇಕ ವಿಶ್ವಾಸಿಗಳಲ್ಲಿದೆ. ಸತ್ಯವೇದ ಹೇಳುವುದು ಇದಕ್ಕೆ ತದ್ವಿರುದ್ಧ. ಬೆರೋಯ ಎಂಬ ಊರಿನ ಜನರು ಅಪೊಸ್ತಲನಾದ ಪೌಲನ ಬೋಧನೆಯನ್ನೇ ದಿನದಿನವೂ ಶಾಸ್ತ್ರಗಳೊಂದಿಗೆ ಹೋಲಿಸಿ ನೋಡಿದರು. ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯ ಅವರನ್ನು ಹೊಗಳುವುದು ಅದೇ ಕಾರಣಕ್ಕೆ.

ಆದ್ದರಿಂದ ಆರಾಧನೆ ಮುಗಿಸಿ ಮನೆಗೆ ಬಂದ ಮೇಲೆ, ಅಂದು ಕೇಳಿದ ವಚನವನ್ನು ತೆರೆದು ಅದರ ಹಿಂದಿನ ಮುಂದಿನ ಭಾಗವನ್ನೂ ಓದಿರಿ. ‘ನಾನು ಅಭಿಷೇಕಿಸಿದವರನ್ನು ಮುಟ್ಟಬಾರದು’ ಎಂಬ ಮಾತನ್ನೇ ತೆಗೆದುಕೊಳ್ಳೋಣ. ಬೋಧಕರನ್ನು ಯಾರೂ ಪ್ರಶ್ನಿಸಬಾರದೆಂಬುದಕ್ಕೆ ಇದನ್ನು ಆಧಾರವಾಗಿ ತೋರಿಸುವುದುಂಟು. 105ನೆಯ ಕೀರ್ತನೆಯನ್ನು ಮೊದಲಿನಿಂದ ಓದಿದರೆ, ಅಲ್ಲಿರುವುದು ಪರದೇಶಿಗಳಾಗಿ ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರಿಗೆ ಕೇಡು ಮಾಡಬಾರದೆಂದು ದೇವರು ಅರಸರಿಗೆ ಕೊಟ್ಟ ಎಚ್ಚರಿಕೆ ಎಂಬುದು ಸ್ಪಷ್ಟವಾಗುತ್ತದೆ. ಪ್ರಶ್ನೆ ಕೇಳುವ ಬಡ ವಿಶ್ವಾಸಿಯನ್ನು ಬಾಯಿ ಮುಚ್ಚಿಸಲು ಆ ವಚನವನ್ನು ಬಳಸುವವನ ವಿಷಯದಲ್ಲಿ ನಾನಂತೂ ಅಲ್ಲಿಯೇ ಎಚ್ಚರಗೊಳ್ಳುತ್ತೇನೆ.

ಹಣದ ವಿಷಯಕ್ಕೆ ಹೆಚ್ಚು ಗಮನ ಕೊಡಬೇಕು, ಏಕೆಂದರೆ ಆದಿ ಸಭೆಯೇ ಹಾಗೆ ಮಾಡಿತು. 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಬ್ರಿಯೆನ್ನಿಯೊಸ್ ಎಂಬ ವಿದ್ವಾಂಸರಿಗೆ ಸಿಕ್ಕ ಹಸ್ತಪ್ರತಿಯಲ್ಲಿ ‘ದಿದಖೆ’ ಎಂಬ ಬಹು ಪ್ರಾಚೀನ ಸಭಾ ಕೈಪಿಡಿಯಿದೆ. ಅದು ಹೇಳುವ ಕ್ರಮ ಹೀಗಿದೆ: ಊರೂರು ತಿರುಗುವ ಬೋಧಕನು ಒಂದು ದಿನ, ಅಗತ್ಯವಿದ್ದರೆ ಎರಡು ದಿನ ತಂಗಬಹುದು. ಮೂರನೆಯ ದಿನವೂ ಉಳಿದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ದಾರಿಯ ರೊಟ್ಟಿಯಲ್ಲದೆ ಹಣ ಕೇಳಿದರೂ ಹಾಗೆಯೇ. ಆತ್ಮದ ಪ್ರೇರಣೆಯಿಂದ ಮಾತನಾಡುತ್ತಿದ್ದೇನೆಂದು ತನಗಾಗಿ ಹಣ ಬೇಡುವವನಿಗೆ ಕಿವಿಗೊಡಬಾರದು. ಕೊರತೆಯಲ್ಲಿರುವ ಬೇರೆಯವರಿಗಾಗಿ ಕೇಳಿದರೆ ಮಾತ್ರ ತೀರ್ಪು ಮಾಡಬಾರದು. ಎಷ್ಟು ಸೂಕ್ಷ್ಮವಾದ ವ್ಯತ್ಯಾಸವಿದು!

ಸಭೆಯ ಪಾಲಕನಿಗೆ ಸಂಬಳ ಕೊಡುವುದು ತಪ್ಪೆಂದು ಇದರ ಅರ್ಥವಲ್ಲ. ಲೆಕ್ಕವನ್ನು ಯಾರು ಬರೆಯುತ್ತಾರೆ, ಯಾರು ತಪಾಸಣೆ ಮಾಡುತ್ತಾರೆ ಎಂದು ಕೇಳಿರಿ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಒಯ್ಯುವಾಗ, ಯಾರೂ ತಪ್ಪು ಹೊರಿಸದಂತೆ ಪೌಲನು ಸಭೆಗಳು ಆರಿಸಿದವರನ್ನೇ ಜೊತೆಗಿಟ್ಟುಕೊಂಡನು. ಕೂಟವೊಂದರಲ್ಲಿ ವಯಸ್ಸಾದ ತಾಯಿಯೊಬ್ಬರು, ಮಗನ ಕಾಯಿಲೆ ವಾಸಿಯಾಗುತ್ತದೆಂಬ ಮಾತು ನಂಬಿ, ಕಿವಿಯ ಓಲೆಯನ್ನು ತಿರುಗಿಸಿ ತಿರುಗಿಸಿ ಬಿಚ್ಚಿ ಕಾಣಿಕೆ ಚೀಲಕ್ಕೆ ಹಾಕಿದ್ದನ್ನು ನಾನು ಪಕ್ಕದಲ್ಲೇ ಕುಳಿತು ನೋಡಿದ್ದೇನೆ. ಗುಣವಾಗುವಿಕೆಗೆ ಬೆಲೆ ಕಟ್ಟುವ ಬೋಧನೆ ಸುವಾರ್ತೆಯಲ್ಲ; ದೇವರ ವರವನ್ನು ಹಣಕ್ಕೆ ಕೊಳ್ಳಲು ಬಂದ ಸೀಮೋನನನ್ನು ಪೇತ್ರನು ಗದರಿಸಿದ್ದು ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದಲ್ಲಿದೆ.

ಅದ್ಭುತ ನಡೆಯಿತೆಂಬುದೊಂದೇ ಪ್ರಮಾಣವಲ್ಲ. ಸೂಚಕಕಾರ್ಯ ಸಂಭವಿಸಿದರೂ ಅದನ್ನು ಮಾಡಿದವನು ಅನ್ಯದೇವರ ಕಡೆಗೆ ಸೆಳೆದರೆ ಕಿವಿಗೊಡಬೇಡಿರೆಂದು ಧರ್ಮೋಪದೇಶಕಾಂಡ 13 ಹೇಳುತ್ತದೆ. ಪ್ರವಾದನೆ ಕೇಳಿದರೆ ದಿನಾಂಕ ಸಹಿತ ಬರೆದಿಡಿರಿ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ಬೋಧಕನ ಅನುಯಾಯಿಗಳು ಕ್ರಿಸ್ತನ ಬರೋಣಕ್ಕಾಗಿ 1844ರ ಅಕ್ಟೋಬರ್ 22ರಂದು ಕಾದು ಕುಳಿತರು. ಆ ದಿನ ಏನೂ ಆಗದೆ ಕಳೆಯಿತು. ರೋಗ ವಾಸಿಯಾಯಿತೆಂದರೆ ವೈದ್ಯರಲ್ಲಿ ಪರೀಕ್ಷೆ ಮಾಡಿಸಿರಿ, ಅವರು ಹೇಳುವವರೆಗೆ ಮಾತ್ರೆ ನಿಲ್ಲಿಸಬೇಡಿರಿ. ಯೇಸು ಸಹ ತಾನು ಗುಣಪಡಿಸಿದ ಕುಷ್ಠರೋಗಿಯನ್ನು ಯಾಜಕನ ಬಳಿಗೆ ಹೋಗಿ ತೋರಿಸಿಕೊಳ್ಳೆಂದು ಕಳುಹಿಸಿದನಲ್ಲವೇ?

ನಡತೆಯ ಪಟ್ಟಿ 1 ತಿಮೊಥೆಯ 3ರಲ್ಲಿದೆ, ಓದಿಕೊಳ್ಳಿರಿ. ನಾನು ವಿಶೇಷವಾಗಿ ನೋಡುವುದು, ತಿದ್ದಿದಾಗ ಬೋಧಕನು ಹೇಗೆ ವರ್ತಿಸುತ್ತಾನೆ ಎಂಬುದನ್ನು. ಅಂತಿಯೋಕ್ಯದಲ್ಲಿ ಪೇತ್ರನನ್ನೇ ಪೌಲನು ಎಲ್ಲರ ಮುಂದೆ ಎದುರಿಸಿದನು. ಪೇತ್ರನಿಗಿಂತ ಮೇಲೆ ಯಾವ ಬೋಧಕನೂ ಇಲ್ಲ.

ಸಂಶಯ ಬಲವಾದರೆ ಮತ್ತಾಯ 18ರ ಕ್ರಮದಂತೆ ಮೊದಲು ಅವನೊಬ್ಬನಿಗೇ ಹೇಳಿರಿ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿರಿ, ಅನಂತರ ಸಭೆಗೆ ತಿಳಿಸಿರಿ. ಆದರೆ ಮಗುವಿಗೋ ಹೆಣ್ಣಿಗೋ ಹಿಂಸೆಯಾಗಿದ್ದರೆ ಈ ಮೆಟ್ಟಿಲುಗಳಿಗಾಗಿ ಕಾಯದೆ ನೇರವಾಗಿ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿರಿ.