ಪ್ಲಾಸ್ಟಿಕ್ ಕಡಿಮೆ ಮಾಡುವ ಮೊದಲು ಒಂದು ವಾರ ಅದನ್ನು ಕೂಡಿಡಿ

ಪ್ಲಾಸ್ಟಿಕ್ ಬಳಕೆಯನ್ನು ತಗ್ಗಿಸಲು ಬಯಸುವ ಎಲ್ಲರಲ್ಲಿ ನನ್ನದೊಂದು ವಿನಂತಿ: ಹೊಸ ಬಟ್ಟೆಚೀಲ ಕೊಳ್ಳುವುದಕ್ಕೂ ಮೊದಲು, ಮನೆಗೆ ಬರುವ ಪ್ಲಾಸ್ಟಿಕ್ಕನ್ನೆಲ್ಲ ಒಂದು ವಾರ ಎಸೆಯದೆ, ತೊಳೆದು ಒಣಗಿಸಿ ಒಂದೆಡೆ ಕೂಡಿಡಿ. ವಾರದ ಕೊನೆಗೆ ಅದನ್ನು ನೆಲದ ಮೇಲೆ ಸುರಿದು ವಿಂಗಡಿಸಿದರೆ, ಯಾವುದನ್ನು ಮೊದಲು ಬಿಡಬಹುದೆಂಬುದು ಕಣ್ಣಿಗೇ ಕಾಣುತ್ತದೆ. ನಾನು ಹೀಗೆ ಮಾಡಿದಾಗ ಕೈಚೀಲಗಳಿಗಿಂತ ಹೆಚ್ಚಾಗಿ ಸಿಕ್ಕಿದ್ದು ಸಣ್ಣ ಸ್ಯಾಶೆಗಳು. ಹಲವು ಪದರಗಳನ್ನು ಅಂಟಿಸಿ ಮಾಡಿದ ಇವುಗಳ ಮರುಬಳಕೆ ತೀರ ಕಷ್ಟ. ಆದ್ದರಿಂದ ಶ್ಯಾಂಪೂವಿನಂಥ ವಸ್ತುಗಳನ್ನು ದೊಡ್ಡ ಬಾಟಲಿಯಲ್ಲಿ ಕೊಳ್ಳುವುದು ಮೇಲು, ಸಾಬೂನಿನ ಬಿಲ್ಲೆಗೆ ಮರಳುವುದು ಇನ್ನೂ ಮೇಲು.

ವರ್ಷಗಟ್ಟಲೆ ಬಿಸಿಲಿಗೆ ಬಿದ್ದಿದ್ದ ಬಟ್ಟೆ ಕ್ಲಿಪ್ಪನ್ನು ಒತ್ತಿದರೆ ಅದು ಬೆರಳುಗಳ ನಡುವೆಯೇ ಪುಡಿಯಾಗುತ್ತದೆ. ಆ ಪುಡಿ ಕೊಳೆತು ಮಣ್ಣಾಗುವುದಿಲ್ಲ. 5 ಮಿಲಿಮೀಟರಿಗಿಂತ ಚಿಕ್ಕದಾದ ಮೈಕ್ರೋಪ್ಲಾಸ್ಟಿಕ್ ಕಣಗಳಾಗಿ ಮಳೆನೀರಿನೊಂದಿಗೆ ಹರಿದು ಜಲಚರಗಳ ಹೊಟ್ಟೆಯನ್ನೂ ಸೇರುತ್ತದೆ. 2015ರವರೆಗೆ ಜಗತ್ತಿನಲ್ಲಿ ಉಂಟಾದ ಪ್ಲಾಸ್ಟಿಕ್ ತ್ಯಾಜ್ಯದಲ್ಲಿ ಮರುಬಳಕೆಗೆ ಹೋದದ್ದು ಸುಮಾರು ಶೇ. 9 ಮಾತ್ರ ಎಂಬ ಅಂದಾಜಿದೆ. ಹಾಗಾಗಿ ವಿಂಗಡಿಸಿ ಕೊಟ್ಟೆವೆಂಬ ಸಮಾಧಾನ ಸಾಲದು, ಮನೆಯೊಳಕ್ಕೆ ತರುವುದನ್ನೇ ಕಡಿಮೆ ಮಾಡಬೇಕು.

ಆದರೆ ಈಗಾಗಲೇ ಇರುವ ಗಟ್ಟಿ ಡಬ್ಬಿಗಳನ್ನು ದಯವಿಟ್ಟು ಎಸೆಯಬೇಡಿ. ಬಾಳುವಷ್ಟು ಕಾಲ ಅವನ್ನು ಒಣ ಪದಾರ್ಥ ತುಂಬಲು ಬಳಸಿ. ಬಿಸಿ ಆಹಾರಕ್ಕೆ ಮಾತ್ರ ಸ್ಟೀಲ್ ಅಥವಾ ಗಾಜಿನ ಪಾತ್ರೆ ಇರಲಿ. ಪಾಲಿಯೆಸ್ಟರ್ ಬಟ್ಟೆಗಳು ಒಗೆದಾಗಲೆಲ್ಲ ಸೂಕ್ಷ್ಮ ಎಳೆಗಳನ್ನು ಬಿಡುವುದರಿಂದ, ಅವನ್ನು ಅಗತ್ಯವಿದ್ದಾಗಷ್ಟೇ ತಣ್ಣೀರಿನಲ್ಲಿ ಒಗೆಯಿರಿ. ಉಳಿದ ಪ್ಲಾಸ್ಟಿಕ್ಕನ್ನು ಎಂದಿಗೂ ಸುಡಬೇಡಿ, ಏಕೆಂದರೆ ಅದರಲ್ಲಿ ಪಿವಿಸಿ ಸೇರಿದ್ದರೆ ಹೊಗೆಯಲ್ಲಿ ವಿಷಕಾರಿ ಡಯಾಕ್ಸಿನ್‌ಗಳು ಹೊರಬೀಳುತ್ತವೆ.