ಹಳೆ ಡಸ್ಟರ್ ಆಲ್ ವೀಲ್ ಡ್ರೈವ್, ಐದು ಟೈರ್ ಮತ್ತು ಒಂದು ಟೇಪು

ಸೆಕೆಂಡ್ ಹ್ಯಾಂಡ್ ಆಲ್ ವೀಲ್ ಡ್ರೈವ್ ಅಂದ ಕೂಡಲೇ ಬೆಳಗಾವಿಯ ಗ್ಯಾರೇಜುಗಳಲ್ಲಿ ಸಿಗುವ ಸಲಹೆ ಒಂದೇ: “ಬ್ಯಾಡ್ರೀ ಸಾಹೇಬ್ರ, ಹಿಂದಿನ ಕಪ್ಲಿಂಗ್ ಹೋತಂದ್ರ ಗಾಡಿ ಮಾರಿದ್ರೂ ರೊಕ್ಕ ಹುಟ್ಟಂಗಿಲ್ಲ.” ನನ್ನ 2015ರ ರೆನೋ ಡಸ್ಟರ್ (110 ಪಿಎಸ್ ಡೀಸೆಲ್, ಆರು ಗೇರ್) ಈಗ 1.4 ಲಕ್ಷ ಕಿಮೀ ಆಚೆ ಇದೆ. ಹಿಂದಿನ ಚಕ್ರಗಳಿಗೆ ಇಂಜಿನ್ ಶಕ್ತಿ ಸೇರಿಸುವ, ಬಿಡುವ ಕಪ್ಲಿಂಗ್ ಅದೇ, ಆ ಶಕ್ತಿಯನ್ನು ಎರಡು ಚಕ್ರಕ್ಕೂ ಹಂಚುವ ಹಿಂದಿನ ಡಿಫರೆನ್ಷಿಯಲ್ ಅದೇ. ಓಡಿದ್ದೂ ಸಲೀಸು ರಸ್ತೆಯಲ್ಲಲ್ಲ: ಜಾಂಬೋಟಿ, ಕಣಕುಂಬಿಯ ಮಳೆ, ಚೋರ್ಲಾ ಘಾಟ್, ಬೈಲಹೊಂಗಲ ಕಡೆಯ ಎರಿ ಹೊಲದ ದಾರಿ. ಬೇಡ ಅಂದವರೇ ಈಗ ಟೈರಿನ ಲೆಕ್ಕ ಕೇಳಲು ಬರುತ್ತಾರೆ.

ಲೆಕ್ಕ ಇಷ್ಟೇ. 215/65 ಆರ್16 ಟೈರಿನ ಸುತ್ತಳತೆ ಸುಮಾರು 2,155 ಮಿಮೀ. ಹೊಸ ಟೈರಿಗೆ 8 ಮಿಮೀ ಬಟನ್ (ಮೇಲಿನ ರಬ್ಬರ್ ಅಚ್ಚಿನ ಆಳ), ಸವೆದದ್ದಕ್ಕೆ 3 ಮಿಮೀ ಅಂತ ಹಿಡಿಯಿರಿ. ಸುತ್ತಳತೆಯಲ್ಲಿ 31 ಮಿಮೀ ಕಡಿಮೆಯಾಯಿತು. ಕಿಲೋಮೀಟರಿಗೆ ಸವೆದ ಟೈರು ಹೆಚ್ಚುಕಡಿಮೆ ಏಳು ಸುತ್ತು ಜಾಸ್ತಿ ತಿರುಗುತ್ತದೆ. ಬೆಳಗಾವಿಯಿಂದ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ 600 ಸುತ್ತು ದಾಟುತ್ತದೆ. ಮುಂದೆ ಎರಡು ಹೊಸವು, ಹಿಂದೆ ಎರಡು ಹಳೆಯವು ಹಾಕಿದರೆ ಈ ವ್ಯತ್ಯಾಸವನ್ನೆಲ್ಲ ಕಪ್ಲಿಂಗಿನೊಳಗಿನ ಕ್ಲಚ್ ಪ್ಲೇಟುಗಳು ಜಾರಿ ಜಾರಿ ನುಂಗಬೇಕು. ಬಿಸಿಯಾಗಿ ಸಾಯುತ್ತವೆ. ಬೈಗುಳ ಮಾತ್ರ ರಾಡಿಗೆ.

ಅಳೆಯುವುದು ಹೀಗೆ. ಟೈರ್ ತಣ್ಣಗಿರಬೇಕು, ನಾಲ್ಕಕ್ಕೂ ಒಂದೇ ಗಾಳಿ, ಸಪಾಟಾದ ಕಾಂಕ್ರೀಟ್ ನೆಲ. ಟೈರ್ ನೆಲ ಮುಟ್ಟುವ ಕಡೆ ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಹಾಕಿ. ಗಾಡಿಯನ್ನು ಕೈಯಿಂದ ನೂಕಿ, ಇಂಜಿನ್ ಬೇಡ. ಗೆರೆ ಎರಡು ಸುತ್ತು ತಿರುಗಿ ಕೆಳಗೆ ಬಂದ ಕಡೆ ಮತ್ತೊಂದು ಗುರುತು, ನಡುವೆ ಟೇಪು ಹಿಡಿದು ಎರಡರಿಂದ ಭಾಗಿಸಿ. ಭಾರಕ್ಕೆ ಟೈರ್ ಅಮುಕುವುದರಿಂದ 2,155 ಬರುವುದಿಲ್ಲ, ಕಡಿಮೆ ಬರುತ್ತದೆ. ಅದರ ಚಿಂತೆ ಬೇಡ, ನಾಲ್ಕನ್ನೂ ಒಂದಕ್ಕೊಂದು ಹೋಲಿಸಿ. ನನ್ನ ಮಿತಿ 10 ಮಿಮೀ. ಅದನ್ನು ಮೀರಿದರೆ ನಾಬ್ ಟೂ ವೀಲ್‌ಗೆ ತಿರುಗಿಸಿ ಓಡಿಸಿ; ಆಗ ಕಪ್ಲಿಂಗ್ ಬಿಟ್ಟಿರುತ್ತದೆ, ಪೆಟ್ಟು ಬೀಳುವುದಿಲ್ಲ.

ಎರಡೆರಡು ಟೈರ್ ಬದಲಿಸುವ ಉಳಿತಾಯ ಈ ಗಾಡಿಗೆ ಒಗ್ಗುವುದಿಲ್ಲ. ಒಂದೇ ಕಂಪನಿ, ಒಂದೇ ಮಾದರಿಯ ಐದು ಟೈರ್ ಒಟ್ಟಿಗೆ ತಂದೆ, 42 ಸಾವಿರದ ಆಸುಪಾಸು. ಸ್ಟೆಪ್ನಿಗೂ ಹೊಸ ಟೈರ್ ಯಾಕೆ ಅಂತ ಅಂಗಡಿಯವನೇ ನಕ್ಕ. 8 ಸಾವಿರ ಕಿಮೀಗೊಮ್ಮೆ ಸ್ಟೆಪ್ನಿ ಸೇರಿಸಿ ಐದನ್ನೂ ಸುತ್ತಿಸುತ್ತೇನೆ. ಹಾಗಾಗಿ ಚೋರ್ಲಾದಲ್ಲಿ ಕಲ್ಲು ಬಡಿದು ಟೈರಿನ ಪಕ್ಕೆ ಸೀಳಿದಾಗ ಅಷ್ಟೇ ಸವೆದ ಟೈರ್ ಡಿಕ್ಕಿಯಲ್ಲೇ ಇತ್ತು. ಸುತ್ತಿಸುವವರು ಬಾಣದ ಗುರುತಿನ ಟೈರ್ ಕೊಳ್ಳಬೇಡಿ, ಎಡದ್ದು ಬಲಕ್ಕೆ ಹೋಗುವುದಿಲ್ಲ.

ಕೊಳ್ಳುವಾಗ ಮೊದಲು ನೋಡಬೇಕಾದದ್ದೂ ಟೈರೇ. ನಾಲ್ಕು ಟೈರಿಗೆ ಮೂರು ಕಂಪನಿ ಇದ್ದರೆ ನಾನು ಬಾನೆಟ್ ಎತ್ತಿಸುವುದೇ ಇಲ್ಲ. ಆಮೇಲೆ ನಾಬನ್ನು ಲಾಕ್‌ಗೆ (ಕಪ್ಲಿಂಗ್ ಕಚ್ಚಿ ಹಿಡಿದಿರುವ ಸ್ಥಾನ) ತಿರುಗಿಸಿ, ಕಡಿ ಹಾಸಿದ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ಕಡಿದು ನಡಿಗೆಯ ವೇಗದಲ್ಲಿ ನಾಲ್ಕಾರು ಅಡಿ ತಿರುಗಿಸಿ. ಗಾಡಿ ಹಿಡಿದು ಎಳೆದಂತೆ ಆಗಬೇಕು. ಸಲೀಸಾಗಿ ತಿರುಗಿದರೆ ಹಿಂದಿನ ಚಕ್ರಕ್ಕೆ ಶಕ್ತಿ ಹೋಗುತ್ತಿಲ್ಲ. ಆಗಲೂ ಕಪ್ಲಿಂಗ್ ಸತ್ತಿದೆ ಅನ್ನಬೇಡಿ; ಹಿಂದಿನ ವೈರಿಂಗ್ ಕನೆಕ್ಟರಿನಲ್ಲಿ ಹಸಿರು ಕಿಲುಬು ಇದೆಯೇ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಇರುತ್ತದೆ. ಅದೇ ನೆಪದಲ್ಲಿ ಬೆಲೆ ಇಳಿಸಿ. ನನಗೆ ಐದೂವರೆ ಲಕ್ಷದ ಒಳಗೇ ಆಯಿತು.

ಹಿಂದಿನ ಡಿಫರೆನ್ಷಿಯಲ್ ಎಣ್ಣೆ ಜೀವಮಾನಕ್ಕೆ ಅನ್ನುವ ಮಿಸ್ತ್ರಿಗಳಿದ್ದಾರೆ. ನಾನು 40 ಸಾವಿರ ಕಿಮೀಗೊಮ್ಮೆ ಬದಲಿಸುತ್ತೇನೆ, ಒಂದೂವರೆ ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ. ಹದಿನೈದು ಕಿಮೀ ಓಡಿಸಿ ಬಿಸಿ ಮಾಡಿ. ತುಂಬುವ ಬೋಲ್ಟನ್ನೇ ಮೊದಲು ಸಡಿಲಿಸಿ; ಕೆಳಗಿನದು ಬಿಚ್ಚಿ ಎಣ್ಣೆ ಇಳಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರಲಿಲ್ಲವೆಂದರೆ ಗಾಡಿ ಅಲ್ಲೇ ಕೂತಿತು. ಇಳಿದ ಎಣ್ಣೆಯನ್ನು ಬಿಸಿಲಲ್ಲಿ ಬೆರಳಿಗೆ ತಿಕ್ಕಿ ನೋಡಿ. ಬೂದಿ ಬಣ್ಣ ಸರಿ. ಮಿನುಗುವ ಚೂರುಗಳಿದ್ದರೆ ಗೇರು ಹಲ್ಲು ಅಥವಾ ಬೇರಿಂಗ್. ಹಾಲು ಬೆರೆತಂತಿದ್ದರೆ ಹಳ್ಳದ ನೀರು ಒಳಗೆ ಹೋಗಿದೆ: ಬಿಸಿ ಡಿಫರೆನ್ಷಿಯಲ್ ತಣ್ಣೀರಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ ಬ್ರೀದರಿನಿಂದ (ಗಾಳಿ ಆಡುವ ತೂತು) ನೀರು ಎಳೆಯುತ್ತದೆ. ಬ್ರೀದರಿಗೆ ಪೈಪು ಸೇರಿಸಿ ಮೇಲಕ್ಕೆ ಒಯ್ದಿದ್ದೇನೆ.  ತುಂಬುವಾಗ ಗಾಡಿ ಸಮತಟ್ಟಾಗಿರಬೇಕು, ಎಣ್ಣೆ ತೂತಿನಿಂದ ಹೊರಚೆಲ್ಲುವ ತನಕ. 

ಮುಂದಿನಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ನಡುವಿನ ಬೇರಿಂಗ್ ಸದ್ದು ಮಾಡಿದಾಗ ಒಂದು ವರ್ಕ್‌ಶಾಪ್ ಇಡೀ ಶಾಫ್ಟಿಗೆ 40 ಸಾವಿರದ ಲೆಕ್ಕ ಕೊಟ್ಟಿತು. ಬೆಳಗಾವಿಯ ಉದ್ಯಮಬಾಗದ ಲೇಥಿನಲ್ಲಿ ಅಳತೆ ಕೊಟ್ಟು ಬೇರಿಂಗ್ ಕೂರಿಸಿದ್ದು ಐದು ಸಾವಿರದೊಳಗೆ. ಮೊದಲು ಹಾಕಿದ ರಬ್ಬರು ಗಡುಸಾಗಿ 70ರ ವೇಗದಲ್ಲಿ ಗುಂಯ್‌ಗುಡುತ್ತಿತ್ತು, ಮೆದು ರಬ್ಬರಿಗೆ ನಿಂತಿತು. ಶಾಫ್ಟ್ ಬಿಚ್ಚುವ ಮೊದಲು ಎರಡೂ ಫ್ಲ್ಯಾಂಜಿಗೆ (ಬೋಲ್ಟ್ ಹಾಕಿ ಜೋಡಿಸುವ ಬಿಲ್ಲೆ) ಪೇಂಟಿನ ಗುರುತು ಹಾಕದಿದ್ದರೆ ಬ್ಯಾಲೆನ್ಸ್ ತಪ್ಪುತ್ತದೆ. ಹಾಗಂತ 80ಕ್ಕೆ ನಡುಗುವುದೆಲ್ಲ ಶಾಫ್ಟಿನದಲ್ಲ. ಎರಿ ಮಣ್ಣು ರಿಮ್ಮಿನ ಒಳಬದಿಗೆ ಮೆತ್ತಿ ಒಣಗಿದರೂ ಥೇಟ್ ಹಾಗೇ ನಡುಗುತ್ತದೆ. ಬ್ಯಾಲೆನ್ಸಿಂಗಿಗೆ ರೊಕ್ಕ ಕೊಡುವ ಮೊದಲು ಒಳಬದಿಗೆ ಪೈಪ್ ಹಿಡಿಯಿರಿ.

ರಾಡಿಯಲ್ಲಿ ಸಿಕ್ಕಾಗ ಚಕ್ರದಡಿ ಕಬ್ಬಿನ ರವದಿ (ಒಣಗಿದ ಎಲೆ) ಹಾಕಿ ನೋಡಿದ್ದಾಯಿತು. ಒಂದು ಗಾಲಿ ಉರುಳುವಷ್ಟು ಹಿಡಿಯುತ್ತದೆ, ಆಮೇಲೆ ಅದೇ ಜಾರುಬಂಡಿ. ಒದ್ದೆ ಗೋಣಿಚೀಲ ವಾಸಿ. ಅದಕ್ಕಿಂತ ವಾಸಿ ಗಾಳಿಯನ್ನು 20 ಪಿಎಸ್‌ಐಗೆ ಇಳಿಸುವುದು. ಡಾಂಬರಿಗೆ ಹತ್ತುವ ಮುಂಚೆ ತುಂಬಲು ಪಂಪು ಜೊತೆಗಿರಲಿ. ಲೋ ರೇಂಜ್ (ನಿಧಾನಕ್ಕೆ ಜೋರಾಗಿ ಎಳೆಯುವ ಹೆಚ್ಚುವರಿ ಗೇರ್) ಇಲ್ಲದ ಗಾಡಿ ಇದು. ಮೊದಲ ಗೇರ್ ಗಿಡ್ಡ, 1,000 ಆರ್‌ಪಿಎಂಗೆ ಗಂಟೆಗೆ 6 ಕಿಮೀ ಹತ್ತಿರ, ಆದ್ದರಿಂದ ಅರ್ಧ ಕ್ಲಚ್ ಹಿಡಿದು ಆಡಿಸುವ ಅಗತ್ಯವೇ ಇಲ್ಲ. ಜೀಪಿನಂತೆ ಒದ್ದಾಡಿಸಿದರೆ ಕ್ಲಚ್ ಸುಟ್ಟ ವಾಸನೆ ಗ್ಯಾರಂಟಿ.

ಮಹೀಂದ್ರಾ ಎಕ್ಸ್‌ಯುವಿ500 ಎಡಬ್ಲ್ಯುಡಿಯಲ್ಲಿ (ಆಲ್ ವೀಲ್ ಡ್ರೈವ್) ಏಳು ಜನ ಕೂರಬಹುದು, ಆದರೆ ತೂಕ ಜಾಸ್ತಿ. ಎರಿ ಮಣ್ಣಿನಲ್ಲಿ ತೂಕವೇ ಶತ್ರು. ಡಸ್ಟರ್ ಸುಮಾರು 1,300 ಕೆಜಿ. ಹೊಸದೇ ಬೇಕಾದರೆ ಮಾರುತಿಯ ಗ್ರ್ಯಾಂಡ್ ವಿಟಾರಾ ಆಲ್‌ಗ್ರಿಪ್ ಅಥವಾ ಟೊಯೋಟಾದ ಹೈರೈಡರ್ ಎಡಬ್ಲ್ಯುಡಿ ನೋಡಿ. ಪೆಟ್ರೋಲು, ದಮ್ಮು ಕಡಿಮೆ, ಆದರೆ ಸರ್ವಿಸ್ ಊರಲ್ಲೇ ಸಿಗುತ್ತದೆ.

ಡೀಸೆಲ್ ಡಸ್ಟರಿನ ಟೈಮಿಂಗ್ ಬೆಲ್ಟ್ ಮಾತ್ರ ಮುಂದೂಡಬೇಡಿ. ವಾಟರ್ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು, ಎರಡನ್ನೂ ಒಟ್ಟಿಗೆ ಹಾಕಿಸಿ. ನನಗೆ 80 ಸಾವಿರ ಕಿಮೀ ಹೊತ್ತಿಗೆ ಕೂಲಿ ಸೇರಿ 14 ಸಾವಿರ ಆಯಿತು. ಗಾಡಿ ದಾರಿಯಲ್ಲಿ ನಿಂತರೆ ಮುಂದಿನ ಚಕ್ರ ಎತ್ತಿ ಎಳೆಯುವ ಟೋಯಿಂಗ್ ಗಾಡಿಯನ್ನು ವಾಪಸ್ ಕಳಿಸಿ; ಹಿಂದಿನ ಚಕ್ರ ನೆಲದಲ್ಲಿ ಉರುಳಿದರೆ ಕಪ್ಲಿಂಗಿಗೆ ಪೆಟ್ಟು. ಅರ್ಧ ತಾಸು ತಡವಾದರೂ ನಾಲ್ಕೂ ಚಕ್ರ ಮೇಲೇರುವ ಫ್ಲ್ಯಾಟ್‌ಬೆಡ್ಡನ್ನೇ ಕರೆಸಿ.